ಚಿನ್ನದ ಬೆನ್ನು ಹತ್ತಿದ ಹುಡುಗರು

1897ರ ಜುಲೈ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬಂದರು ಬಿಟ್ಟ ಹಡಗೊಂದರಲ್ಲಿ 21 ವರ್ಷದ ಜಾಕ್ ಲಂಡನ್ ಇದ್ದ. ಉತ್ತರದ ಹಿಮದ ಸೀಮೆ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದೆಯೆಂಬ ಸುದ್ದಿ ಊರು ಮುಟ್ಟಿ ಎರಡು ವಾರವೂ ಆಗಿರಲಿಲ್ಲ. ವರ್ಷಕ್ಕಾಗುವ ದಿನಸಿ, ಉಣ್ಣೆ ಬಟ್ಟೆ, ಗುದ್ದಲಿ, ಸಲಿಕೆ ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಟನ್ ಸಾಮಾನು. ಅದನ್ನು ಕಂತು ಕಂತಾಗಿ ಬೆನ್ನ ಮೇಲೆ ಹೊತ್ತು, ಚಿಲ್ಕೂಟ್ ಬೆಟ್ಟದ ಏರಿನಲ್ಲಿ ಅದೇ ದಾರಿಯನ್ನು ಮತ್ತೆ ಮತ್ತೆ ತುಳಿದು ಸಾಗಿಸಿದ. ಚಳಿಗಾಲವನ್ನು ಮರದ ಗುಡಿಸಲಲ್ಲಿ ಕಳೆದ. ಹಸಿ ತರಕಾರಿ ಕಾಣದ ಬಾಯಿಗೆ ಸ್ಕರ್ವಿ ಹತ್ತಿ ಒಸಡು ಊದಿಕೊಂಡಿತು. ಮರುವರ್ಷ ಚಿನ್ನವಿಲ್ಲದೆ ಊರಿಗೆ ಮರಳಿದ. ಅವನಿಗೆ ಅನ್ನ ಕೊಟ್ಟದ್ದು ಅಲ್ಲಿಂದ ತಂದ ಕಥೆಗಳು. ಹಾಗೆ ಕ್ಲಾಂಡೈಕ್‌ಗೆ ಹೊರಟವರು ಸುಮಾರು ಒಂದು ಲಕ್ಷ ಮಂದಿ. ಮುಟ್ಟಿದವರು ಅವರಲ್ಲಿ ಮೂವತ್ತು ನಲವತ್ತು ಸಾವಿರ. ಕೈತುಂಬ ಚಿನ್ನ ಕಂಡವರಂತೂ ತೀರಾ ಕಡಿಮೆ.

ಗೋಲ್ಡ್ ರಶ್ ಎಂದರೆ ನಮ್ಮ ಮನಸ್ಸಿಗೆ ಬರುವುದು ಇಂಥ ಹುಡುಗನೇ. ತನ್ನದೇ ಸಲಿಕೆ, ತನ್ನದೇ ತಟ್ಟೆ, ತನ್ನದೇ ನಸೀಬು. ಸೋತರೂ ಗೆದ್ದರೂ ಅವನ ಲೆಕ್ಕ ಅವನದು. ಕರ್ನಾಟಕದ ನೆಲದಲ್ಲಿ ಚಿನ್ನ ಇದೆ, ಚಿನ್ನಕ್ಕಾಗಿ ಜನ ಸಾವಿರಗಟ್ಟಲೆ ಬಂದದ್ದೂ ಇದೆ. ಆದರೂ ಅಂಥ ಹುಡುಗ ನಮ್ಮ ಚರಿತ್ರೆಯಲ್ಲಿ ಕಾಣುವುದಿಲ್ಲ. ಯಾಕೆ ಎಂದು ಕೇಳಿಕೊಂಡರೆ, ಶಿವಮೊಗ್ಗದವರಾದ ನಮಗೆ ನಮ್ಮ ಸೀಮೆಯ ಕಥೆಯೂ ಸೇರಿದಂತೆ ಬಹಳ ಸಂಗತಿಗಳು ತಿಳಿಯುತ್ತವೆ.

ನಮ್ಮ ಸೀಮೆಯಲ್ಲೂ ಚಿನ್ನ ಇದೆಯೇ ಎಂದು ಕೋಟೆ ರಸ್ತೆಯಲ್ಲಿ ಯಾರನ್ನಾದರೂ ಕೇಳಿ, ಕೆಜಿಎಫ್ ಸಿನಿಮಾ ನೆನಪಾಗುತ್ತದೆಯೇ ಹೊರತು ಹೊನ್ನಾಳಿ ನೆನಪಾಗುವುದಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಹೊನ್ನಾಳಿ ನಮ್ಮ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಕೂಡಲಿಯಲ್ಲಿ ತುಂಗೆ ಭದ್ರೆ ಒಂದಾಗಿ ಉತ್ತರಕ್ಕೆ ಹರಿಯುವ ದಾರಿಯಲ್ಲೇ ಆ ಊರು. ಅದರ ಸುತ್ತಿನ ಕುದುರೆಕೊಂಡ, ಪಲವನಹಳ್ಳಿಗಳ ಹೆಸರು ಭೂವಿಜ್ಞಾನದ ಹಳೆಯ ವರದಿಗಳಲ್ಲಿ ಚಿನ್ನದ ಪ್ರದೇಶವೆಂದು ದಾಖಲಾಗಿದೆ. ಅಲ್ಲಿ ಹಳೆಯ ಕಾಲದವರು ತೋಡಿದ ಗುಂಡಿಗಳಿದ್ದವು. ಆಮೇಲೆ ಕಂಪನಿಗಳ ಕಾಲದಲ್ಲಿ ಅಗೆತವೂ ಆಯಿತು. ಆದರೆ ಅಲ್ಲಿ ಇನ್ನೊಂದು ಕೆಜಿಎಫ್ ಎದ್ದೇಳಲಿಲ್ಲ.

ಗೋಲ್ಡ್ ರಶ್ ಆಗಬೇಕಾದರೆ ಮೊದಲು ಬೇಕಾದ್ದು ಬಡವನ ಕೈಗೆ ಎಟುಕುವ ಚಿನ್ನ. ಚಿನ್ನ ಹುಟ್ಟುವುದು ಭೂಮಿಯ ಆಳದಲ್ಲಿ, ಬೆಣಚುಕಲ್ಲಿನ ಎಳೆಗಳ ಜೊತೆ. ಕೋಟ್ಯಂತರ ವರ್ಷ ಮಳೆ ಗಾಳಿ ಬಿಸಿಲಿಗೆ ಬೆಟ್ಟ ಸವೆದಾಗ ಆ ಎಳೆಗಳು ಪುಡಿಯಾಗಿ ಹಳ್ಳಕ್ಕೆ ಇಳಿಯುತ್ತವೆ. ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರ, ಚಿನ್ನ ಹತ್ತೊಂಬತ್ತು ಪಟ್ಟು. ಹಾಗಾಗಿ ಪ್ರವಾಹ ಮರಳನ್ನು ಒಯ್ದರೂ ಚಿನ್ನದ ಪುಡಿ ಹಳ್ಳದ ತಿರುವಿನಲ್ಲಿ, ಬಂಡೆಯ ಸಂದಿಯಲ್ಲಿ ಉಳಿದುಬಿಡುತ್ತದೆ. ಅಲ್ಲಿನ ಮರಳನ್ನು ತಟ್ಟೆಯಲ್ಲಿ ನೀರು ಹಾಕಿ ಸುತ್ತಿಸಿದರೆ ಹಗುರದ್ದು ಹೊರಕ್ಕೆ ಹೋಗಿ ಭಾರದ್ದು ತಳದಲ್ಲಿ ನಿಲ್ಲುತ್ತದೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆಯೇ, ಗಾಳಿಯ ಜಾಗದಲ್ಲಿ ನೀರು ಅಷ್ಟೆ. ಇದಕ್ಕೆ ಬಂಡವಾಳ ಬೇಡ, ಯಂತ್ರ ಬೇಡ, ಓದು ಬೇಡ. ಕ್ಯಾಲಿಫೋರ್ನಿಯಾದಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ನ್ಯೂಜಿಲೆಂಡಿನ ಒಟಾಗೊದಲ್ಲಿ ಮೊದಲ ವರ್ಷಗಳಲ್ಲಿ ಸಿಕ್ಕಿದ್ದು ಈ ಹಳ್ಳದ ಚಿನ್ನವೇ. ಅದು ಮುಗಿದ ಕೂಡಲೇ ಅಲ್ಲೂ ಒಂಟಿ ಹುಡುಗನ ಕಾಲ ಮುಗಿದು ಕಂಪನಿಗಳ ಕಾಲ ಶುರುವಾಯಿತು.

ಎರಡನೆಯದು, ಕೇಳುವವರಿಲ್ಲದ ನೆಲ. ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಮಾರ್ಷಲ್ ಎಂಬಾತನ ಕಣ್ಣಿಗೆ ಚಿನ್ನ ಬಿದ್ದದ್ದು 1848ರ ಜನವರಿ 24ರಂದು. ಆ ಸೀಮೆಯನ್ನು ಮೆಕ್ಸಿಕೊ ಅಮೆರಿಕಕ್ಕೆ ಬಿಟ್ಟುಕೊಟ್ಟ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದಾಗಿ ಒಂಬತ್ತು ದಿನಕ್ಕೆ. ಹಳೆಯ ಸರ್ಕಾರ ಹೋಗಿತ್ತು, ಹೊಸದರ ಕಾನೂನು ಬಂದಿರಲಿಲ್ಲ. ಯಾರು ಮೊದಲು ಗೂಟ ಹೊಡೆದರೆ ಅವರದೇ ಜಾಗ. ಆದರೆ ಆ ನೆಲ ಅನಾಥವಾಗಿತ್ತು ಎಂದರೆ ಸುಳ್ಳು. ಅಲ್ಲಿ ಮೂಲನಿವಾಸಿಗಳಿದ್ದರು. ಅಂದಾಜು ಒಂದೂವರೆ ಲಕ್ಷ ಇದ್ದ ಅವರ ಸಂಖ್ಯೆ 1870ರ ಹೊತ್ತಿಗೆ ಮೂವತ್ತು ಸಾವಿರಕ್ಕೆ ಇಳಿದಿತ್ತು. ರೋಗ, ಹಸಿವು, ಬಂದೂಕು ಮೂರೂ ಅದಕ್ಕೆ ಕಾರಣ. ಸಾಹಸಿ ಹುಡುಗರ ಕಥೆ ಓದುವಾಗ ಈ ಲೆಕ್ಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು ಎಂದು ನಾನು ನಂಬುತ್ತೇನೆ. ಆಸ್ಟ್ರೇಲಿಯಾದಲ್ಲಿ ಮಾತ್ರ ಸರ್ಕಾರ ಮೊದಲೇ ಎಚ್ಚೆತ್ತಿತ್ತು. ಚಿನ್ನ ಸಿಗಲಿ ಬಿಡಲಿ, ಪರವಾನಗಿ ಶುಲ್ಕ ಕಟ್ಟಲೇಬೇಕು, ಮೊದಲಿಗೆ ಅದು ತಿಂಗಳಿಗೆ 30 ಷಿಲಿಂಗ್. ಅದರ ವಿರುದ್ಧ ಬಲ್ಲರಾಟ್‌ನ ಅಗೆಯುವವರು 1854ರ ಡಿಸೆಂಬರಿನಲ್ಲಿ ಯುರೇಕಾ ಎಂಬಲ್ಲಿ ಬೇಲಿ ಕಟ್ಟಿಕೊಂಡು ಸೈನಿಕರ ಎದುರು ನಿಂತರು, ಸತ್ತರು. ಮರುವರ್ಷ ಶುಲ್ಕ ವರ್ಷಕ್ಕೆ ಒಂದು ಪೌಂಡಿಗೆ ಇಳಿಯಿತು, ಓಟಿನ ಹಕ್ಕೂ ಬಂತು. ಅಲ್ಲಿನ ಹುಡುಗನಿಗೆ ಸರ್ಕಾರದ ಜೊತೆ ಜಗಳವಾಡಲು ಒಂದು ಗುರುತಾದರೂ ಇತ್ತು: ಅವನ ಹೆಸರಿನ ಪರವಾನಗಿ.

ನಮ್ಮಲ್ಲಿ ಈ ಎರಡೂ ಇರಲಿಲ್ಲ. ಕೈಗೆಟುಕುವ ಚಿನ್ನವನ್ನು ನಮ್ಮ ಹಿಂದಿನವರು ಯಾವತ್ತೋ ತೆಗೆದು ಮುಗಿಸಿದ್ದರು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಹಳೆಯ ಕಾಲದವರು 600 ಅಡಿಗೂ ಕೆಳಗೆ ಇಳಿದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸುವುದು ಅವರ ವಿಧಾನ. ಆ ಆಳದಲ್ಲಿ ಸಿಕ್ಕ ಮರದ ತುಂಡಿನ ವಯಸ್ಸು ಪರೀಕ್ಷಿಸಿದಾಗ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಎಂದು ಬಂತು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರಿಗೆ ಹಿಡಿದು ಮರಳು ತೊಳೆಯುತ್ತಿದ್ದ ಜಲಗಾರ ಕುಟುಂಬಗಳನ್ನು 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಕಂಡು ಬರೆದಿದ್ದಾರೆ. ಅವರ ದಿನದ ಗಳಿಕೆ ಕೂಲಿಗಿಂತ ಹೆಚ್ಚೇನೂ ಇರಲಿಲ್ಲ. ಈ ವಿದ್ಯೆ ಇವತ್ತಿಗೂ ಪೂರಾ ಸತ್ತಿಲ್ಲ. ಚಿನ್ನದ ಕೆಲಸ ನಡೆಯುವ ಪೇಟೆಗಳಲ್ಲಿ ಅಕ್ಕಸಾಲಿಗರ ಅಂಗಡಿ ಮುಂದಿನ ಕಸ, ಚರಂಡಿಯ ಮಣ್ಣು ಗುಡಿಸಿಕೊಂಡು ಹೋಗಿ ತೊಳೆಯುವವರು ಮಾಡುವುದು ಇದನ್ನೇ.

ಮಲೆನಾಡಿಗಂತೂ ಚಿನ್ನ ನೆಲದಿಂದ ಬಂದದ್ದಕ್ಕಿಂತ ಮೆಣಸಿನ ಚೀಲದಿಂದ ಬಂದದ್ದೇ ಹೆಚ್ಚು. ಕೆಳದಿ ಅರಸರ ಇಕ್ಕೇರಿ ವರಹದ ಹಿಂದೆ ಇದ್ದದ್ದು ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಮೆಣಸು ಮತ್ತು ಅಕ್ಕಿ. 1763ರಲ್ಲಿ ಬಿದನೂರು ಹಿಡಿದ ಹೈದರಾಲಿ ತನ್ನ ಹೊನ್ನನ್ನು ಅದೇ ಅಚ್ಚಿನ ಮಾದರಿಯಲ್ಲಿ ಹೊಡೆಸಿದ. ಇದು ಪಕ್ಕದ ಮಾತು, ಆದರೂ ಶಿವಮೊಗ್ಗದವನಾಗಿ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಎರಡನೆಯದು, ಕೇಳುವವರಿಲ್ಲದ ನೆಲ, ಯಾಕೆ ಇರಲಿಲ್ಲ ಎಂದು ತಿಳಿಯಲು ಕೆಜಿಎಫ್ ಇರುವ ಕೋಲಾರದ ಕಥೆಗೆ ಬರೋಣ. ಟಿಪ್ಪು ಬಿದ್ದ ಮೇಲೆ ಹೊಸದಾಗಿ ಗೆರೆ ಎಳೆದ ಮೈಸೂರು ರಾಜ್ಯದ ಪೂರ್ವದ ಗಡಿ ಅಳೆಯಲು 1802ರಲ್ಲಿ ಬಂದವನು ಲೆಫ್ಟಿನೆಂಟ್ ಜಾನ್ ವಾರೆನ್. ಹುಟ್ಟಿನಿಂದ ಫ್ರೆಂಚ್, ಉದ್ಯೋಗದಿಂದ ಬ್ರಿಟಿಷ್ ಸೈನ್ಯದವನು. ವಯಸ್ಸು ಮೂವತ್ತು ದಾಟಿ ಎರಡು ಮೂರು ವರ್ಷ. ಮುಂದೆ ಮದ್ರಾಸಿನ ಖಗೋಳ ವೀಕ್ಷಣಾಲಯ ನೋಡಿಕೊಂಡ, ನಮ್ಮ ಪಂಚಾಂಗಗಳ ಲೆಕ್ಕಾಚಾರದ ಬಗ್ಗೆ ‘ಕಾಲಸಂಕಲಿತ’ ಎಂಬ ದೊಡ್ಡ ಪುಸ್ತಕವನ್ನೇ ಬರೆದ. ಕುತೂಹಲ ಎಂದರೆ ಅವನದು. ಉರಿಗಾಂ ಕಡೆ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಯೆಂಬ ಮಾತು ಕಿವಿಗೆ ಬಿದ್ದಾಗ, ತೋರಿಸಿದವರಿಗೆ ಬಹುಮಾನ ಕೊಡುತ್ತೇನೆ ಎಂದು ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದರು, ತಳದಲ್ಲಿ ಹಳದಿ ಪುಡಿ ಹೊಳೆಯಿತು. ಮಾರಿಕುಪ್ಪಂನಲ್ಲಿ ಅವನು ಕಂಡದ್ದು ಇನ್ನೂ ದೊಡ್ಡದು. ಮೂವತ್ತು, ನಲವತ್ತು ಅಡಿ ಆಳದ ಗುಂಡಿಗಳು. ಗಂಡಸರು ಕೆಳಗೆ ಇಳಿದು ಕಲ್ಲು ಒಡೆದು ಬುಟ್ಟಿಗೆ ತುಂಬುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ಮೇಲೆ ಬರುತ್ತಿದ್ದವು. ಮೇಲೆ ಹೆಂಗಸರು ಆ ಕಲ್ಲನ್ನು ಹಾಸುಬಂಡೆಯ ಮೇಲೆ ಕುಟ್ಟಿ, ಪುಡಿ ಮಾಡಿ, ತೊಳೆದು ಚಿನ್ನ ಬೇರೆ ಮಾಡುತ್ತಿದ್ದರು. ಅವರೆಲ್ಲ ಊರ ಹೊರಗೆ ಇರಿಸಲ್ಪಟ್ಟ ಜಾತಿಯವರು. ಕೋಲಾರದ ಚಿನ್ನದ ಮೊದಲ ಸಾಹಸಿಗಳು ಯಾರೆಂದು ಕೇಳಿದರೆ ನನ್ನ ಉತ್ತರ ಇವರೇ. ವಾರೆನ್‌ನ ವರದಿಯಲ್ಲಿ ಅವರ ಕೆಲಸದ ವಿವರ ಇದೆ, ಹೆಸರುಗಳಿಲ್ಲ.

ಮುಂದೆ ಆದದ್ದನ್ನು ಗಮನವಿಟ್ಟು ನೋಡಬೇಕು. 1831ರಿಂದ ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಗುಂಡಿಗಳು ಕುಸಿದು ಜನ ಸಾಯುತ್ತಾರೆಂಬ ಕಾರಣಕ್ಕೆ 1859ರಲ್ಲಿ ನೆಲದಡಿಯ ಅಗೆತವನ್ನು ಸರ್ಕಾರ ನಿಷೇಧಿಸಿತು. ಜೀವ ಉಳಿಸುವ ಉದ್ದೇಶ ಸರಿಯೇ ಇರಬಹುದು, ಆದರೆ ಫಲ ಏನಾಯಿತು? ತಲೆತಲಾಂತರದಿಂದ ಆ ಬಂಡೆಯನ್ನು ಬಲ್ಲವರು ಬಂಡೆಯಿಂದ ದೂರವಾದರು. ಅದಾಗಿ ಹದಿನಾರು ವರ್ಷಕ್ಕೆ ಅದೇ ನೆಲ ಗುತ್ತಿಗೆ ಪತ್ರದ ಮೇಲೆ ಒಬ್ಬ ಹೊರಗಿನವನ ಕೈಗೆ ಹೋಯಿತು.

ಆ ಒಬ್ಬ, ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್, ಐರಿಷ್ ಸೈನಿಕ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಇದ್ದಾಗ ಅಲ್ಲಿನ ಗೋಲ್ಡ್ ರಶ್ ಕಂಡಿದ್ದ. ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ವಾರೆನ್‌ನ ಹಳೆಯ ವರದಿ ಕೈಗೆ ಸಿಕ್ಕಿತು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಸುಮಾರು 100 ಕಿಲೋಮೀಟರ್ ದೂರದ ಕೋಲಾರದ ಕಡೆ ಹೊರಟ. ಹಳೆಯ ಗುಂಡಿಗಳನ್ನು ನೋಡಿಕೊಂಡು, 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, 1875ರ ಫೆಬ್ರುವರಿ 2ರಂದು 20 ವರ್ಷದ ಗುತ್ತಿಗೆ ಪಡೆದ. ಆದರೆ ಅವನ ಬಳಿ ಹಣವಿರಲಿಲ್ಲ. ಹಳ್ಳದ ಚಿನ್ನವಾಗಿದ್ದರೆ ತಟ್ಟೆ ಸಾಕಿತ್ತು, ಬಂಡೆಯೊಳಗಿನ ಚಿನ್ನಕ್ಕೆ ಬಾವಿ ಇಳಿಸಬೇಕು, ನೀರು ಎತ್ತಬೇಕು, ಕಲ್ಲು ಅರೆಯುವ ಯಂತ್ರ ತರಿಸಬೇಕು. ಎರಡೇ ವರ್ಷಕ್ಕೆ ಹಕ್ಕನ್ನು ಬೆರೆಸ್‌ಫರ್ಡ್ ಎಂಬ ಸೇನಾಧಿಕಾರಿಯ ಕೂಟಕ್ಕೆ ಬಿಟ್ಟುಕೊಟ್ಟ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಜಾಕ್ ಲಂಡನ್‌ನಂಥ ಹುಡುಗನಿಗೆ ನಮ್ಮಲ್ಲಿ ಹತ್ತಿರದವನು ಯಾರಾದರೂ ಇದ್ದರೆ ಇವನು. ಅವನಿಗೂ ಆ ನೆಲದಲ್ಲಿ ಒಂಟಿಯಾಗಿ ನಿಲ್ಲಲು ಆಗಲಿಲ್ಲ.

ಅಲ್ಲಿಂದ ಮುಂದೆ ಮೈಸೂರಿನ ಗೋಲ್ಡ್ ರಶ್ ನಡೆದದ್ದು ಲಂಡನ್ನಿನ ಷೇರು ಪೇಟೆಯಲ್ಲಿ. 1880ರ ಸುಮಾರಿಗೆ ವಯನಾಡಿನ ಚಿನ್ನ, ಕೋಲಾರದ ಚಿನ್ನ ಎಂದು ಹತ್ತಾರು ಕಂಪನಿಗಳು ಹುಟ್ಟಿ, ಎಂದೂ ಇತ್ತ ಕಾಲಿಡದ ಜನ ಷೇರು ಕೊಂಡರು. ವಯನಾಡು ಮುಳುಗಿತು. ಕೋಲಾರದ ಕಂಪನಿಗಳೂ ಮುಳುಗುವುದರಲ್ಲಿದ್ದವು. ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಮೈಸೂರು ಗಣಿಯಲ್ಲಿ ಹಣ ಬಹುಪಾಲು ಕರಗಿದಾಗ, ಅಲ್ಲಿನ ಮೇಲ್ವಿಚಾರಕ ಕ್ಯಾಪ್ಟನ್ ಪ್ಲಮರ್ ಹಳೆಯವರು ತೋಡಿಬಿಟ್ಟಿದ್ದ ಗುಂಡಿಗಳ ಬುಡ ಹಿಡಿದು ಕೆಳಗೆ ಹೋದ. 1880ರ ದಶಕದ ನಡುವೆ ಅಲ್ಲಿ ಸಿಕ್ಕಿದ್ದೇ ಚಾಂಪಿಯನ್ ರೀಫ್. ಮುಂದಿನ ನೂರು ವರ್ಷಕ್ಕೂ ಮೀರಿ 800 ಟನ್‌ಗಿಂತ ಹೆಚ್ಚು ಚಿನ್ನ ಬಂದದ್ದು ಆ ಗಣಿಗಳಿಂದ. ಈ ಒಂದು ಸಂಗತಿಯನ್ನು ಗಣಿ ಚರಿತ್ರೆಯ ಪುಸ್ತಕಗಳು ಹೇಳಿ ಬೇಗ ದಾಟಿಬಿಡುತ್ತವೆ. ನನಗೆ ಅಲ್ಲಿಂದ ಕದಲಲು ಆಗುವುದಿಲ್ಲ. ಜಗತ್ತಿನ ದೊಡ್ಡ ಗಣಿಗಳಲ್ಲಿ ಒಂದಕ್ಕೆ ದಾರಿ ತೋರಿಸಿದ ಗುರುತು, ನಿಷೇಧಕ್ಕೆ ಒಳಗಾದವರ ಗುಂಡಿ. ಮೈಸೂರು ಸರ್ಕಾರಕ್ಕೆ ಚಿನ್ನದ ಮೇಲೆ ಶೇ 5 ರಾಜಧನ ಬಂತು, ಷೇರುದಾರರಿಗೆ ಲಾಭ ಬಂತು. ಗುಂಡಿ ತೋಡಿದವರ ಪಾಲು ಯಾವ ಲೆಕ್ಕದ ಪುಸ್ತಕದಲ್ಲೂ ಏರಲಿಲ್ಲ.

ಹಾಗಾದರೆ ನಮ್ಮ ಗೋಲ್ಡ್ ರಶ್‌ನ ಹುಡುಗ ಯಾರು? ಉತ್ತರ ಆರ್ಕಾಟಿನಿಂದ, ಸೇಲಂನಿಂದ, ಚಿತ್ತೂರು ಕಡೆಯಿಂದ ಬಂದ ಭೂಮಿ ಇಲ್ಲದ ದಲಿತ ಮನೆಯ ಹುಡುಗ. 1876ರಿಂದ 78ರ ಬರ ಮೈಸೂರು ಮತ್ತು ಮದ್ರಾಸ್ ಸೀಮೆಗಳನ್ನು ಸುಟ್ಟಿತ್ತು. ಮೈಸೂರೊಂದರಲ್ಲೇ ಐದರಲ್ಲಿ ಒಂದು ಪಾಲು ಜನ ಅಳಿದರು ಎಂಬುದು ಆ ಕಾಲದ ಲೆಕ್ಕ. ಊರಿನಲ್ಲಿ ಗೌಡನ ಹೊಲದ ಜೀತ, ಬಾವಿಗೆ ಹೋಗುವ ಹಾಗಿಲ್ಲ, ಬೀದಿಯಲ್ಲಿ ನಡೆಯುವ ಹಾಗಿಲ್ಲ. ಮೇಸ್ತ್ರಿ ಬಂದು ಮುಂಗಡ ಕೊಟ್ಟು, ಗಣಿಯಲ್ಲಿ ಕೂಲಿ ಕಾಸಿನ ರೂಪದಲ್ಲಿ ಕೊಡುತ್ತಾರೆ ಎಂದಾಗ ಹೊರಟವನು ಅವನು. ಅವನು ಹೊರಟದ್ದು ಚಿನ್ನದ ಆಸೆಗೆ ಎನ್ನುವುದಕ್ಕಿಂತ ಊರಿನಿಂದ ಬಿಡುಗಡೆಗೆ ಎನ್ನುವುದು ಸರಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಗಣಿಯ ಕೆಲಸಗಾರರ ಸಂಖ್ಯೆ ಮೂವತ್ತು ಸಾವಿರದ ಆಸುಪಾಸಿಗೆ ಏರಿತು.

ಅವನ ವಾಸ ಬಿದಿರು ತಟ್ಟಿಯ ಲೈನ್ ಮನೆ. ಕೆಲಸ ನೆಲದಡಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರ ಮೇಲಿನವನು, ಇವನು ಕೂಲಿ. ಆಳ ಹೆಚ್ಚಿದಷ್ಟೂ ಬಂಡೆ ಬಿಸಿ. ಚಾಂಪಿಯನ್ ರೀಫ್ ಕೊನೆಗೆ 3.2 ಕಿಲೋಮೀಟರ್ ಆಳ ಮುಟ್ಟಿದಾಗ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೇಲಿಂದ ತಂಪು ಗಾಳಿ ಊದದಿದ್ದರೆ ನಿಲ್ಲಲಾಗದ ಜಾಗ. ಅದಕ್ಕಿಂತ ಹೆದರಿಕೆ ರಾಕ್‌ಬರ್ಸ್ಟ್‌ನದು. ಸುತ್ತಲಿನ ಕಲ್ಲು ತೆಗೆದಾಗ ಉಳಿದ ಬಂಡೆಯ ಮೇಲೆ ಒತ್ತಡ ಏರಿ ಏರಿ, ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿಯುತ್ತಿತ್ತು. ಮೇಲೆ ಊರಿನ ಮನೆಗಳೂ ನಡುಗುತ್ತಿದ್ದವು. ಯಾವ ಶಿಫ್ಟಿನವರು ಕೆಳಗಿದ್ದಾರೆ ಎಂದು ಹೆಂಗಸರು ಬಾವಿಯ ಬಾಯಿಗೆ ಓಡುತ್ತಿದ್ದರು. ಸಿಡಿತದಿಂದ ಪಾರಾದವರನ್ನು ಬೆಣಚುಕಲ್ಲಿನ ದೂಳು ಹಿಡಿಯುತ್ತಿತ್ತು. ಸಿಲಿಕೋಸಿಸ್ ಎಂದರೆ ಆ ಸಣ್ಣ ದೂಳು ಶ್ವಾಸಕೋಶದಲ್ಲಿ ಗಾಯದ ಕಲೆಯಾಗಿ ಗಟ್ಟಿಯಾಗುವುದು. ಒಮ್ಮೆ ಬಂದರೆ ಅದನ್ನು ಕರಗಿಸುವ ಮದ್ದು ಇಂದಿಗೂ ಇಲ್ಲ. ನಲವತ್ತಕ್ಕೇ ಉಸಿರು ಸಾಲದೆ ಮೂಲೆ ಹಿಡಿದವರ ಮನೆಗಳು ಆ ಊರಿನ ಲೈನ್‌ಗಳಲ್ಲಿ ಬಹಳ.

ಇಂಥ ಬದುಕಿನಲ್ಲೂ ಆ ಹುಡುಗರು ತಲೆ ಎತ್ತಿದ ಬಗೆ ದೊಡ್ಡದು. ಅಯೋತಿದಾಸ ಪಂಡಿತರು ಕಟ್ಟಿದ ಬೌದ್ಧ ಚಳವಳಿಯ ಶಾಖೆ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. ಊರಿನಲ್ಲಿ ಅಕ್ಷರ ಮುಟ್ಟಗೊಡದವರ ಮಕ್ಕಳು ಅಲ್ಲಿ ಪತ್ರಿಕೆ ಓದಿದರು, ಸಭೆ ನಡೆಸಿದರು. 1930ರಲ್ಲಿ ಕೆಲಸಗಾರರೆಲ್ಲರ ಹೆಬ್ಬೆಟ್ಟಿನ ಗುರುತು ತೆಗೆದು ದಾಖಲಿಸುವ ಆಜ್ಞೆ ಬಂದಾಗ, ನಾವು ಕಳ್ಳರಲ್ಲ ಎಂದು ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ಮುಷ್ಕರ ವಾರಗಳ ಕಾಲ ನಡೆಯಿತು. ಯುರೇಕಾದ ಅಗೆಯುವವರ ಹೋರಾಟ ಅಲ್ಲಿನ ಶಾಲೆಯ ಪಾಠ. ಉರಿಗಾಂ, ಮಾರಿಕುಪ್ಪಂನವರ ಹೋರಾಟ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ನಾಡಿಗೆ ಆ ಗಣಿ ಕೊಟ್ಟದ್ದೂ ಇದೆ. ಶಿವನಸಮುದ್ರದ ವಿದ್ಯುತ್ತು 1902ರ ಜೂನ್ ಕೊನೆಯಲ್ಲಿ 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮುಟ್ಟಿದ್ದು ಗಣಿಯ ಯಂತ್ರಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಹೊನ್ನಾಳಿ ಯಾಕೆ ಇನ್ನೊಂದು ಕೋಲಾರ ಆಗಲಿಲ್ಲ? ಕೋಲಾರ ಹೆಸರು ಮಾಡಿದ ಮೇಲೆ ಮೈಸೂರು ರಾಜ್ಯದ ಗುಡ್ಡಗಳಿಗೆಲ್ಲ ಅರ್ಜಿಗಳು ಬಿದ್ದವು. 1887ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ರಾಜ್ಯದ ಚಿನ್ನದ ಸೀಮೆಗಳನ್ನು ಸುತ್ತಿ ನೋಡಿದ. ಈ ಹಸಿರುಗಪ್ಪು ಪದರಗಲ್ಲುಗಳ ಪಟ್ಟಿಗಳಿಗೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟು, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇರುವುದು ಇವುಗಳಲ್ಲೇ ಎಂದು ತೋರಿಸಿದವನು ಅವನೇ. ಶಿವಮೊಗ್ಗದ ಸುತ್ತಿನ ನೆಲ ಇಂಥ ದೊಡ್ಡ ಪಟ್ಟಿಗಳಲ್ಲಿ ಒಂದು. ಆದರೆ ಚಿನ್ನ ಇರುವುದು ಬೇರೆ, ಗಣಿ ನಡೆಯುವುದು ಬೇರೆ. ಚಾಂಪಿಯನ್ ರೀಫ್ ಮೈಲಿಗಟ್ಟಲೆ ಉದ್ದಕ್ಕೆ, ಮೂರು ಕಿಲೋಮೀಟರ್ ಆಳಕ್ಕೆ ತುಂಡಾಗದೆ ಇಳಿದಿತ್ತು. ಮೊದಲ ಕಾಲದಲ್ಲಿ ಟನ್ ಕಲ್ಲಿಗೆ 40 ಗ್ರಾಂ ಮೀರಿ ಚಿನ್ನ ಕೊಟ್ಟಿತು. ಹೊನ್ನಾಳಿ ಕಡೆಯ ಎಳೆಗಳಲ್ಲಿ ಚಿನ್ನ ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಷೇರುದಾರರ ತಾಳ್ಮೆ ಕಲ್ಲಿಗಿಂತ ಬೇಗ ಮುಗಿಯಿತು, ಊರು ಮತ್ತೆ ಜೋಳ ಭತ್ತಕ್ಕೆ ಮರಳಿತು. ಇದನ್ನು ನಷ್ಟ ಎಂದು ನಾನು ಎಣಿಸುವುದಿಲ್ಲ. ಮಾರಿಕುಪ್ಪಂನ ಲೈನ್ ಮನೆಗಳ ಕಥೆ ಬಲ್ಲವರು ಯಾರೂ ಎಣಿಸಲಾರರು.

ನಮ್ಮ ಜಿಲ್ಲೆಯ ಹುಡುಗರ ರಶ್ ಬೇರೆ ಲೋಹದ ಹಿಂದೆ ನಡೆಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತ್ತು. ಆ ದಾರಿಯ ಮೇಲೆ, ಭದ್ರಾ ದಡದಲ್ಲಿ, ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿಯಿದ್ದ ಸಣ್ಣ ಊರು ಬೆಂಕಿಪುರ, ಇಂದಿನ ಭದ್ರಾವತಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಸುತ್ತ ಕಾಡು, ಮುಂದೆ ಹೊಳೆ. ಹತ್ತಿರ ಎಲ್ಲೂ ಕಲ್ಲಿದ್ದಲು ಇಲ್ಲದ ಕಾರಣ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಯೋಜನೆ. 1918ರಲ್ಲಿ ಕೆಲಸ ಶುರುವಾಗಿ, 1923ರ ಜನವರಿ 18ರಂದು ಕುಲುಮೆ ಹೊತ್ತಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, ನಷ್ಟದಲ್ಲಿ ತೆವಳುತ್ತಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನ ಹುಡುಗರನ್ನು ತಯಾರು ಮಾಡುವುದು ಅವರ ಹಟವಾಗಿತ್ತು. 1936ರಲ್ಲಿ ಉಕ್ಕು, ಪಕ್ಕದಲ್ಲೇ ಅದೇ ವರ್ಷ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್.

ಇಲ್ಲಿಗೆ ಬಂದ ಹುಡುಗನೂ ಬಡವನೇ. ಬಯಲುಸೀಮೆಯಿಂದ, ತಮಿಳು, ತೆಲುಗು, ಮಲಯಾಳ ನಾಡುಗಳಿಂದ ಬಂದವನು. ಮಲೆನಾಡಿನ ಅಂಚಿನ ಚಳಿಜ್ವರ ಅವನನ್ನು ಮಲಗಿಸುತ್ತಿತ್ತು. ಕಾಡಿನಲ್ಲಿ ಮರ ಕಡಿದು ಗಾಡಿಗೆ ತುಂಬುತ್ತಿದ್ದವರ ಪಾಡು ಕುಲುಮೆಯ ಮುಂದೆ ನಿಂತವರಿಗಿಂತ ಕಷ್ಟದ್ದು. ಕಾಡು ತೆತ್ತ ಬೆಲೆಯನ್ನೂ ಮರೆಯುವ ಹಾಗಿಲ್ಲ. ಆದರೂ ಕೆಜಿಎಫ್‌ಗೂ ಭದ್ರಾವತಿಗೂ ಒಂದು ಮೂಲ ವ್ಯತ್ಯಾಸ ಇತ್ತು. ಭದ್ರಾವತಿಯ ಒಡೆತನ ರಾಜ್ಯದ್ದು. ಲಾಭ ನಷ್ಟದ ಪ್ರಶ್ನೆಯನ್ನು ಪ್ರಜಾಪ್ರತಿನಿಧಿ ಸಭೆಯಲ್ಲಿ ಎತ್ತಬಹುದಿತ್ತು, ಎತ್ತಿದರು ಕೂಡ. ಕೂಲಿಯಾಗಿ ಸೇರಿದವನ ಮಗ ಅದೇ ಕಾರ್ಖಾನೆಯಲ್ಲಿ ಫಿಟ್ಟರ್, ಮೊಮ್ಮಗ ಎಂಜಿನಿಯರ್ ಆದ ಮನೆಗಳು ನ್ಯೂಟೌನ್, ಜನ್ನಾಪುರ, ಪೇಪರ್ ಟೌನ್‌ಗಳಲ್ಲಿ ಬೀದಿ ಬೀದಿಗೂ ಸಿಗುತ್ತವೆ. ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬರುವ ಹೊತ್ತಿಗೆ ಒಳ್ಳೆಯ ಅದಿರಿನ ಬಹುಪಾಲು ಹೊರಗೆ ಹೋಗಿ ಆಗಿತ್ತು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಗ ಟನ್ ಕಲ್ಲಿಗೆ ಐದು ಗ್ರಾಂ ಚಿನ್ನವೂ ಸಿಗುತ್ತಿರಲಿಲ್ಲ. ಗಣಿಗೆ ಇಳಿದವರ ಮೊಮ್ಮಕ್ಕಳು ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ನಮ್ಮ ಭದ್ರಾವತಿಯಲ್ಲಿ ಪೇಪರ್ ಮಿಲ್ಲಿನ ಯಂತ್ರಗಳು 2015ರ ಹೊತ್ತಿಗೆ ನಿಂತವು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗೆ ಇಳಿದರು. ಆ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗದ ಕೆಲಸ ಮತ್ತೆ ಶುರುವಾಯಿತು, ಆತಂಕ ಹೋಗಿಲ್ಲ. ಶಿವಮೊಗ್ಗ ನಿಲ್ದಾಣದಿಂದ ರಾತ್ರಿ ಬೆಂಗಳೂರಿಗೆ ಹೋಗುವ ಬಸ್ಸು, ರೈಲುಗಳಲ್ಲಿ ಈಗ ಇಪ್ಪತ್ತರ ಹುಡುಗರೇ ಹೆಚ್ಚು. ಹುಡುಗಿಯರೂ ಇದ್ದಾರೆ ಎಂಬುದು ಹಿಂದಿನ ರಶ್‌ಗಳಿಗೂ ಇದಕ್ಕೂ ಇರುವ ಒಳ್ಳೆಯ ವ್ಯತ್ಯಾಸ.

ಇನ್ನು ಕಾನೂನಿನ ಮಾತು. 2015ರ ತಿದ್ದುಪಡಿಯ ನಂತರ ಖನಿಜದ ಗುತ್ತಿಗೆ ಸಿಗುವುದು ಹರಾಜಿನಲ್ಲಿ. ಒಬ್ಬ ಲ್ಯಾವೆಲ್ ಅರ್ಜಿ ಬರೆದು ಸೀಮೆಯನ್ನೇ ಪಡೆಯುವ ಕಾಲ ಮುಗಿಯಿತು, ಅದು ಒಳ್ಳೆಯದೇ. ಅದೇ ತಿದ್ದುಪಡಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ವ್ಯವಸ್ಥೆಯನ್ನೂ ತಂದಿತು. ಗಣಿ ಮಾಡುವವರು ರಾಜಧನದ ಜೊತೆ ಒಂದು ಪಾಲನ್ನು ಅಲ್ಲಿಗೆ ಕಟ್ಟಬೇಕು, ಅದು ಗಣಿಯಿಂದ ಬಾಧೆಗೆ ಒಳಗಾದ ಜನರ ಆರೋಗ್ಯ, ಶಾಲೆ, ನೀರಿಗೆ ಹೋಗಬೇಕು. ಆದರೆ 2001ಕ್ಕೇ ಮುಚ್ಚಿದ ಗಣಿಯಿಂದ ಅಂಥ ಪಾಲು ಬರುವ ಮಾತೇ ಇಲ್ಲ. ದೂಳು ಕುಡಿದವರಿಗೆ ಈ ಕಾನೂನು ಹುಟ್ಟುವಾಗಲೇ ತಡವಾಗಿತ್ತು.

ಈಗ ಒಂದು ಅವಕಾಶ ಬಂದಿದೆ. ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು 13 ದಿಬ್ಬಗಳಾಗಿ ಬಿದ್ದಿದೆ. ಮೂರು ಕೋಟಿ ಟನ್‌ಗೂ ಹೆಚ್ಚು. ಊರಿನವರು ಸೈನೈಡ್ ದಿಬ್ಬ ಎನ್ನುತ್ತಾರೆ. ಬೇಸಿಗೆಯ ಗಾಳಿಗೆ ಅದರ ದೂಳು ಮನೆಯೊಳಕ್ಕೆ ಬರುತ್ತದೆ. ಅದರಲ್ಲಿ ಟನ್ನಿಗೆ ಗ್ರಾಮಿಗಿಂತ ಕಡಿಮೆ ಪ್ರಮಾಣದಲ್ಲಿ ಉಳಿದ ಚಿನ್ನವನ್ನೂ ಇಂದಿನ ತಂತ್ರದಿಂದ ತೆಗೆಯಬಹುದೆಂಬ ಲೆಕ್ಕದ ಮೇಲೆ, ಹರಾಜಿಗೆ ಒಪ್ಪಿಗೆ ಕೊಡಲು ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ತೀರ್ಮಾನಿಸಿತು. ಆ ಮಣ್ಣಿನ ಪ್ರತಿ ಹಿಡಿಯನ್ನೂ ಕೆಳಗಿನಿಂದ ಮೇಲೆ ತಂದವರು ಯಾರೆಂದು ನಮಗೆ ಗೊತ್ತಿದೆ. ಹರಾಜಿನ ಷರತ್ತುಗಳಲ್ಲೇ ಅವರ ಮಕ್ಕಳಿಗೆ ಕೆಲಸದಲ್ಲಿ ಮೊದಲ ಪಾಲು, ಬದುಕುಳಿದ ಹಳೆಯ ಗಣಿ ಕಾರ್ಮಿಕರಿಗೆಲ್ಲ ಶ್ವಾಸಕೋಶದ ತಪಾಸಣೆ ಮತ್ತು ಮಾಸಿಕ ಪರಿಹಾರ, ಅವರು ಇರುವ ಲೈನ್ ಮನೆಗಳಿಗೆ ಅವರದೇ ಹೆಸರಿನ ಹಕ್ಕುಪತ್ರ ಬರೆಸಬೇಕು. ಮಣ್ಣು ಲಾರಿಗೆ ತುಂಬುವ ಮೊದಲೇ ಬರೆಸಬೇಕು. ಶಿವಮೊಗ್ಗದ ನಮ್ಮ ಶಾಸಕರೂ ಸದನದಲ್ಲಿ ಇದಕ್ಕೆ ದನಿಗೂಡಿಸಲಿ. ಭದ್ರಾವತಿಯ ಕಾರ್ಮಿಕರಿಗಾಗಿ ನಾವು ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ.